ಜಾಲಿ ಬೆಂಚು ಮತ್ತು ಹನ್ನೊಂದನೆಯ ಆಜ್ಞೆ

ಹೋದ ವಾರ ನಮ್ಮ ಚರ್ಚಿನ ಸಭಾಪಾಲಕರು ಪ್ರಾರ್ಥನಾ ಮಂದಿರದ ಹಳೆಯ ಬೆಂಚೊಂದನ್ನು ಆಟೋದ ಮೇಲೆ ಕಟ್ಟಿಸಿ ನನ್ನ ಅಂಗಳಕ್ಕೆ ಕಳಿಸಿದರು. ಮಂದಿರಕ್ಕೆ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ. ಪಾಲಕರು ಇನ್ನೂ ಹುಡುಗರು, ಫೋನಿನಲ್ಲಿ ವಿನಯದಿಂದಲೇ ಹೇಳಿದರು: "ಅಜ್ಜಾರ, ಒಂದ್ ಕಾಲು ಅಲುಗಾಡತೈತ್ರಿ. ನೀರು ಕಾಸೂ ಒಲಿಗೆ ಆದೀತು ಅಂತ ಕಳಿಸೀನ್ರಿ."

ಒಲೆಗೆ! ಫೋನು ಕೆಳಗಿಟ್ಟೆ. ಅಟ್ಟದಿಂದ ಕಟ್ಟಿಗೆ ಹೆರೆಯುವ ರಂದಾ ಇಳಿಸಿ, ಬೆಂಚಿನ ಅಂಚಿಗೆ ಎರಡು ಸಲ ಎಳೆದೆ. ಕರಿಜಾಲಿಯ ಆ ಒಗರು ವಾಸನೆ, ನಿನ್ನೆ ಮೊನ್ನೆ ಕಡಿದ ಮರದ ಹಾಗೆ, ಮೂಗಿಗೆ ಬಡಿಯಿತು. ಹೊರಗೆ ಮುದುಕ, ಒಳಗೆ ಹರೆಯದವ. ನನ್ನ ಬಗ್ಗೆಯೂ ಯಾರಾದರೂ ಹಾಗೆ ಅಂದಾರೆಂದು ಕಾಯುತ್ತಿದ್ದೇನೆ, ಈವರೆಗೆ ಯಾರೂ ಅಂದಿಲ್ಲ.

ಈ ಬೆಂಚು ಮಾಡಿದವನು ನಾನೇ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು, ಗಂಗಾವತಿಯ ಕಟ್ಟಿಗೆ ಅಡ್ಡೆಯಲ್ಲಿ ಹೊಟ್ಟು ಗುಡಿಸುತ್ತ ಬಡಿಗತನ ಕಲಿತವನು. ನಾನು ಮಾಡಿದ ಬಾಗಿಲು ಮಳೆಗಾಲದಲ್ಲಿ ಬಿಗಿಯುವುದಿಲ್ಲ, ಬೇಸಿಗೆಯಲ್ಲಿ ಬಾಯಿ ಬಿಡುವುದಿಲ್ಲ. ಇದು ಜಂಬವಲ್ಲ. ಅಥವಾ ಜಂಬವೇ ಇರಲಿ, ದುಡಿದು ಗಳಿಸಿದ ಜಂಬ. ಆದರೆ ಈ ಬೆಂಚನ್ನು ಒಮ್ಮೆ ತಿರುಗಿಸಿ ನೋಡಿ. ಒರಗುವ ಹಲಗೆಯ ಹೊರಮೈ ಬಿಸಿಲಿಗೆ ಬಿಳಿಚಿ ಹೋಗಿದೆ. ಮಂದಿರದ ಒಳಗೆ ಇದ್ದ ಬೆಂಚಿಗೆ ಬಿಸಿಲು ಎಲ್ಲಿಂದ ತಗುಲಿತು? ಅದನ್ನು ಹೇಳಬೇಕಾದರೆ ದೇವದಾನಪ್ಪನವರನ್ನು ಕರೆಯಬೇಕು.

ದೇವದಾನಪ್ಪನವರು ನಮ್ಮ ಸಭೆಯ ಆಗಿನ ಹಿರಿಯರು. ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ಕಾಯುವ ಕೆಲಸ. ಉಗಿಯ ಮುಂದೆ ನಿಂತು ನಿಂತು ಮುಖ ತಾಮ್ರದ ಹಂಡೆಯ ಬಣ್ಣಕ್ಕೆ ತಿರುಗಿತ್ತು. ಅವರ ಪ್ರಕಾರ ಸರಾಯಿ ಪಾಪ, ಇಸ್ಪೀಟು ಪಾಪ, ಲಾಟರಿ ಪಾಪ, ಭಾನುವಾರದ ಸಿನಿಮಾ ಅಂತೂ ಎರಡು ಪಾಪ. ಬೀಡಿಯ ಹೆಸರು ಬಂದಾಗ ಮಾತ್ರ ನಾನು ಹಿಂದಿನ ಸಾಲಿಗೆ ಸರಿಯುತ್ತಿದ್ದೆ. ಇವೆಲ್ಲವನ್ನೂ ಬರೀ ಮಂದಿರದಲ್ಲಿ ಬೈದರೆ ಸಾಲದು, ಕಾಯ್ದೆಯೇ ತಡೆಯಬೇಕು ಎಂಬುದು ಅವರ ಹಟ. "ಹತ್ತು ಆಜ್ಞೆ ಸೀನಾಯಿ ಬೆಟ್ಟದಿಂದ ಬಂದ್ವು. ಹನ್ನೊಂದನೇದು ಬೆಂಗಳೂರಿನಿಂದ ಬರಬೇಕು. ನಾವು ಹೋಗಿ ತರಬೇಕು," ಅನ್ನುತ್ತಿದ್ದರು.

ಈ ಹಟಕ್ಕೆ ಒಂದು ಕಾರಣ ಅವರ ಮನೆಯಲ್ಲೇ ಉಣ್ಣುತ್ತಿತ್ತು, ಉಂಡು ಮಲಗುತ್ತಿತ್ತು. ಒಬ್ಬನೇ ಮಗ, ಸಾಮ್ಯೆಲ. ಅದೇ ಗಿರಣಿಯಲ್ಲಿ ಹಮಾಲಿ. ಎರಡು ಚೀಲ ಒಟ್ಟಿಗೆ ಎತ್ತುವ ಬೆನ್ನು, ಎತ್ತರದ ದನಿ. ಅವನು ಹಾಡಿದರೆ ಮಂದಿರದ ತಗಡು ನಡುಗುತ್ತಿತ್ತು. ನಮ್ಮ ಓಣಿಯ ಬಾಯಿಗೇ ಸರಾಯಿ ಅಂಗಡಿ ಬಿದ್ದ ಮೇಲೆ ಆ ದನಿ ಶನಿವಾರದ ಕೂಲಿ ಬಟವಡೆಯಾದ ಕೂಡಲೇ ಅಲ್ಲಿ ಕೇಳತೊಡಗಿತು. ಅಪ್ಪ ಗಿರಣಿಯಿಂದ ಬರುವಾಗ ಮಗ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡದಂತೆ ಹಾಯ್ದು ಹೋಗುತ್ತಿದ್ದರು. ನೋಡುತ್ತಿದ್ದ ನಮಗೇ ಕಷ್ಟವಾಗುತ್ತಿತ್ತು.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿರಬೇಕು. ದೇವದಾನಪ್ಪನವರು ಶಾಸಕರ ಮನೆಗೆ ಅಲೆದು ಅಲೆದು, ರಾಜ್ಯದಲ್ಲೆಲ್ಲ ಸರಾಯಿ ನಿಲ್ಲಿಸಬೇಕೆಂಬ ನಮ್ಮ ಮನವಿಯನ್ನು ಸದನದಲ್ಲಿ ಓದಲು ಒಪ್ಪಿಸಿಯೇ ಬಿಟ್ಟರು. ಶಾಸಕರು ಕೈಮುಗಿದರಂತೆ: "ಓದ್ತೀನ್ರಿ ಯಜಮಾನ್ರ, ನನ್ನ ಮನಿ ಮುಂದ ಬಾಯ್ಲರ್ ಹಚ್ಚಿದಂಗ ಕುಂದ್ರಬ್ಯಾಡ್ರಿ."

ಓದುವ ದಿನ ನಾವೂ ಅಲ್ಲಿರಬೇಕೆಂದು ಅವರ ಅಪ್ಪಣೆ. ಏಳೆಂಟು ಮಂದಿ ಹೊರಟೆವು. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೊಡುತ್ತ ನನ್ನ ಹೆಂಡತಿ ರತ್ನಮ್ಮ ಅಂದಳು: "ವಿಧಾನಸೌಧದ ಬಾಗ್ಲಾ ಸವರಕೋಂತ ಅಲ್ಲೇ ನಿಂತೀರಿ. ಮಂದಿ ಕಳ್ಳ ಅಂತ ಹಿಡದಾರು." ಅವಳು ಹೇಳಿದ್ದು ಅರ್ಧ ನಿಜವಾಯಿತು. ಅಂಥ ಬಾಗಿಲುಗಳನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಜೋಡಣೆಯಲ್ಲಿ ಉಗುರು ತೂರಿಸಲು ನೋಡಿದೆ, ತೂರಲಿಲ್ಲ. ಕಾವಲುಗಾರ ಗದರಿದ. "ಛಲೋ ಮಾಡ್ಯಾರ," ಎಂದು ಅವನಿಗೇ ಹೇಳಿ ಮುಂದೆ ಹೋದೆ.

ಮೇಲಿನ ಗ್ಯಾಲರಿಯಲ್ಲಿ ಸಾಲಾಗಿ ಕೂರಿಸಿದರು. ಮಾತಾಡಬಾರದು, ಕೆಮ್ಮಬಾರದು. ನಾವು ಕೆಮ್ಮನ್ನೂ ನುಂಗಿಕೊಂಡು ಕುಳಿತೆವು. ಕೆಳಗೆ ನಮ್ಮ ಶಾಸಕರು ಎದ್ದರು. ಊರಲ್ಲಿ ನೋಡಿದ ಮನುಷ್ಯನೇ ಅಲ್ಲವೆನ್ನುವಂತೆ ಗಂಭೀರವಾಗಿ ಓದತೊಡಗಿದರು. ಓಣಿಯ ಮಕ್ಕಳ ಮಾತು ಬಂತು, ಬಟವಡೆಯ ದಿನ ಒಲೆ ಹತ್ತದ ಮನೆಗಳ ಮಾತು ಬಂತು. ಕೊನೆಗೆ "ದಯಮಾಡಿ ನಮ್ಮ ಮೊರೆಯನ್ನು ಲಾಲಿಸಬೇಕೆಂದು ಬೇಡಿಕೊಳ್ಳುತ್ತೇವೆ" ಎಂದು ಓದಿ ತಲೆ ಬಾಗಿಸಿದರು.

ಹುಟ್ಟಿದಾಗಿನಿಂದ ನಾವು ಕಲಿತದ್ದು ಒಂದೇ. ಯಾರಾದರೂ ಹೀಗೆ ಬೇಡಿಕೊಂಡು ತಲೆ ಬಾಗಿಸಿದರೆ, ಕೇಳಿದವರು ಅದಕ್ಕೆ ಮುದ್ರೆ ಒತ್ತಬೇಕು. ನಮ್ಮ ಸಾಲಿಗೆ ಸಾಲೇ, ಒಂದೇ ದನಿಯಲ್ಲಿ, ಗಟ್ಟಿಯಾಗಿ ಅಂದಿತು:

"ಆಮೆನ್!"

ಸದನವೆಲ್ಲ ಕತ್ತು ಮೇಲೆತ್ತಿತು. ಯಾರೋ ನಕ್ಕರು. ಬಿಳಿ ಬಟ್ಟೆಯ ಮಾರ್ಷಲ್‌ಗಳು ಬಂದು ನಮ್ಮನ್ನು ಎಬ್ಬಿಸಿ ಹೊರಗೆ ನಡೆಸಿದರು. ಕೂಗಾಡಿದವರನ್ನು ಹೊರಹಾಕುವುದು ಕೇಳಿದ್ದೀರಿ, ಪ್ರಾರ್ಥನೆಗೆ ಒಪ್ಪಿಗೆ ಕೊಟ್ಟು ಹೊರಬಿದ್ದವರು ನಾವೇ ಇರಬೇಕು. ಆಮೇಲೆ ಮಂತ್ರಿಗಳು ಎದ್ದು ಉತ್ತರ ಕೊಟ್ಟರಂತೆ. ಅದಕ್ಕಾಗಿ ಅಷ್ಟು ದೂರ ಬಂದ ನಾವು ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ಮುರಿಯುತ್ತಿದ್ದೆವು.

ಶಾಸಕರು ಹೊರಗೆ ಬಂದವರು ಮೊದಲು ಬೈದರು, ಆಮೇಲೆ ನಕ್ಕರು. "ಮಂತ್ರಿಗಳು ಪರಿಶೀಲಿಸ್ತೀವಿ ಅಂದ್ರು. ಅಂದ್ರ ಏನಂತ ನಿಮಗ ಗೊತ್ತಲ್ಲ. ಒಂದ್ ಕೆಲಸ ಮಾಡೂಣು. ನಿಮ್ಮ ಓಣಿ ಅಂಗಡಿ ನಾ ಎತ್ತಸ್ತೀನಿ. ಬೆಲದಾರ ಓಣ್ಯಾಗ ಜಾಗಾ ಐತಿ, ಅಲ್ಲಿ ಹಾಕ್ಲಿ. ಆತಿಲ್ಲ?"

ನನಗೆ ಕುಣಿಯುವಷ್ಟು ಸಂತೋಷವಾಯಿತು. ಬೆಲದಾರ ಓಣಿ ನಮ್ಮಿಂದ ಊರಿನ ಆಚೆ ತುದಿ. ಸಾಮ್ಯೆಲನ ದಾರಿಯಿಂದ ಅಂಗಡಿ ತಪ್ಪುತ್ತದೆ. ಹೂಂ ಅನ್ನಿ ಎಂದು ದೇವದಾನಪ್ಪನವರ ಮೊಣಕೈ ತಿವಿದೆ.

ಅವರು ಕೈಯಲ್ಲಿದ್ದ ರೊಟ್ಟಿಯನ್ನು ಬಟ್ಟೆಗೆ ಸುತ್ತಿಟ್ಟರು. "ಬೆಲದಾರ ಓಣ್ಯಾಗ ಗಂಡಮಕ್ಕಳನ್ನ ಹಡದವರು ಇಲ್ಲೇನ್ರಿ ಸಾಹೇಬ್ರ?"

"ಯಜಮಾನ್ರ, ನಿಮ್ಮ ಮಗನ ಸಲುವಾಗಿ ಹೇಳಾಕತ್ತೀನಿ."

"ಗೊತ್ತೈತ್ರಿ. ಅದಕ್ಕ ಬ್ಯಾಡ ಅನ್ನಾಕತ್ತೀನಿ. ನನ್ನ ಮಗನ ಬಾಯಿಂದ ತಗದು ಮತ್ತೊಬ್ಬನ ಮಗನ ಬಾಯಿಗೆ ಇಡೂದು ಯಾವ ಆಜ್ಞೆದಾಗೂ ಬರದಿಲ್ಲ."

ಊರಿಗೆ ಮರಳುವ ಬಸ್ಸಿನಲ್ಲಿ ಯಾರೂ ಅವರ ಪಕ್ಕ ಕೂರಲಿಲ್ಲ. ನಾನಂತೂ ಬೇಕೆಂದೇ ಬೇರೆ ಸೀಟು ಹಿಡಿದೆ. ಬಸ್ಸು ಇಳಿದಾಗ ಅವರೇ ಹತ್ತಿರ ಬಂದರು: "ತಮ್ಮಾ, ಮಂದಿರದಾಗಿನ ನಿನ್ನ ಬೆಂಚು ಎಷ್ಟು ಬಿಸಿಲು ತಡೀತೈತಿ?"

"ನೀವು ತಡದಷ್ಟು ತಡೀತೈತಿ," ಅಂದೆ, ಸಿಟ್ಟಿನಲ್ಲಿ.

ಆ ಶನಿವಾರ ಮಧ್ಯಾಹ್ನ ಅವರು ಬೆಂಚಿನ ಒಂದು ತುದಿ ಹಿಡಿದು ನಿಂತರು. ಇನ್ನೊಂದು ತುದಿ ಹಿಡಿಯದೆ ನಾನೇನು ಮಾಡಲಿ? ಅಂಗಡಿಯ ಎದುರಿಗೆ ಇಟ್ಟೆವು. ಭಾಷಣವಿಲ್ಲ, ಹಾಡಿಲ್ಲ. ಬಂದ ಒಬ್ಬೊಬ್ಬರನ್ನೂ ಅಪ್ಪನ ಹೆಸರು ಹಿಡಿದು ಕರೆಯುವುದಷ್ಟೇ. "ಏ, ನೀ ಹನುಮಪ್ಪನ ಮಗ ಅಲ್ಲೇನು? ಬಾ, ಜರಾ ಕುಂದ್ರು. ನಿಮ್ಮಪ್ಪ ಹೆಂಗದಾನ?" ಅಪ್ಪನ ಹೆಸರು ಕಿವಿಗೆ ಬಿದ್ದ ಮೇಲೆ ಕುಡಿಯಲು ಹೋಗುವುದು ಬಲು ಕಷ್ಟ, ಪ್ರಯತ್ನಿಸಿ ನೋಡಿ. ಕೆಲವರು ಬೈದರು, ಕೆಲವರು ಬೇರೆ ದಾರಿ ಹಿಡಿದರು, ಕೆಲವರು ನಿಜಕ್ಕೂ ಕುಳಿತರು. ಅಂಗಡಿಯವನ ದೂರಿನ ಮೇಲೆ ಪೊಲೀಸ್ ಫೌಜದಾರರು ಬಂದು, "ಇಲ್ಲಿ ಕುಂದ್ರಾಕ ಲೈಸನ್ಸ್ ಐತೇನು?" ಎಂದರು. "ಬೀಳಾಕ ಅವರಿಗೆ ಲೈಸನ್ಸ್ ಕೊಟ್ಟೀರಿ. ಕುಂದ್ರಾಕ ನನಗ್ಯಾಕ್ರಿ?" ಎಂದರು ದೇವದಾನಪ್ಪ. ಫೌಜದಾರರು ಮೀಸೆಯಲ್ಲೇ ನಕ್ಕು ಹೋದರು.

ವಿಧಾನಸೌಧದ ಮೆಟ್ಟಿಲ ಮೇಲಿನ ಮಾತು ಹೇಗೋ ಬೆಲದಾರ ಓಣಿ ಮುಟ್ಟಿತು. ಮುಂದಿನ ಶನಿವಾರ ಅಲ್ಲಿಯ ಟಾಂಗಾದ ಮಹಬೂಬಸಾಬ ಬಂದು ಚಾಬೂಕನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತ. "ನಮ್ಮ ಓಣಿ ಉಳಿಸೀರಂತ. ನಮ್ಮ ಧರ್ಮದಾಗೂ ಇದು ಹರಾಮ್ ಐತ್ರಿ, ಚಾಚಾ. ಸರೀರಿ ಅತ್ತಾಗ."

ಸಾಮ್ಯೆಲನನ್ನು ಮಾತ್ರ ಅವರು ಕರೆಯಲಿಲ್ಲ. ಅವನು ಎಷ್ಟೋ ವಾರ ತಲೆ ತಗ್ಗಿಸಿ ಒಳಗೆ ಹೋದ, ಹೊರಗೆ ಬಂದ. ಕೊನೆಗೆ ಒಂದು ಮಧ್ಯಾಹ್ನ ಕರೆದವನು ಮಹಬೂಬಸಾಬ: "ಏ, ನೀ ದೇವದಾನಪ್ಪನ ಮಗ ಅಲ್ಲೇನು? ನಿಮ್ಮಪ್ಪ ಹೆಂಗದಾನ?"

ಸಾಮ್ಯೆಲ ನಿಂತ. ಅಪ್ಪನ ಕಡೆ ನೋಡಿದ. "ಬಿಸಿಲಾಗ ಕುಂತಾನ್ರಿ," ಅಂದ. ಬಂದು ಬೆಂಚಿನ ಆಚೆ ತುದಿಯಲ್ಲಿ ಕುಳಿತ. ದೇವದಾನಪ್ಪ ಅವನತ್ತ ತಿರುಗಲಿಲ್ಲ. ತಲೆಯ ಟುವಾಲು ತೆಗೆದು, ನಡುವೆ ಕುಳಿತಿದ್ದ ನನ್ನ, ಮಹಬೂಬಸಾಬನ ಮುಂದೆ ಕೈ ಚಾಚಿ, ಮಗನ ತೊಡೆಯ ಮೇಲೆ ಹಾಕಿದರು.

ವ್ಯಾಪಾರ ಇಳಿದು ಸರಕಾರದ ಮುಂದಿನ ಸರಾಯಿ ಹರಾಜಿನಲ್ಲಿ ಗುತ್ತಿಗೆದಾರ ಆ ಅಂಗಡಿಯನ್ನೇ ಬಿಟ್ಟ. ದೇವದಾನಪ್ಪನವರಿಗೆ ಅದು ಸಾಕಾಗಲಿಲ್ಲ. ಸಾಯುವವರೆಗೂ ಪ್ರತಿಯೊಬ್ಬ ಹೊಸ ಶಾಸಕರ ಬಾಗಿಲು ಬಡಿದರು. ಹನ್ನೊಂದನೆಯ ಆಜ್ಞೆ ಅವರ ಕಾಲಕ್ಕೆ ಬರಲಿಲ್ಲ.

ಇವತ್ತು ಮಧ್ಯಾಹ್ನ ಬೆಂಚಿನ ಅಲುಗುವ ಕಾಲಿಗೆ ಹೊಸ ಬೆಣೆ ಹೊಡೆಯುತ್ತಿದ್ದಾಗ ಸಾಮ್ಯೆಲನೇ ಬಂದ. ತಲೆ ಪೂರ್ತಿ ಬೆಳ್ಳಗಾಗಿದೆ, ದನಿ ಹಾಗೇ ಇದೆ.

"ಅಣ್ಣಾ, ಒಲಿಗೆ ಹಾಕ್ತೀರೇನು ಮತ್ತ?"

"ಹಾಕಾವ ಇದ್ದೆ. ನಿನ್ನ ದಾರಿ ನೋಡಾಕತ್ತಿದ್ದೆ."

ಹಳೆಯ ಸರಾಯಿ ಅಂಗಡಿ ಇದ್ದಲ್ಲಿ ಈಗ ಬಣ್ಣದ ದೀಪದ ವೈನ್ ಶಾಪ್ ಇದೆ. ಇವತ್ತು ಶನಿವಾರ. ಸಾಮ್ಯೆಲ ಬೆಂಚಿನ ಒಂದು ತುದಿಗೆ ಬಗ್ಗಿದ. ನಾನು ಇನ್ನೊಂದು ತುದಿ ಹಿಡಿದೆ.