ಬನ್ನಿಯ ಮುಳ್ಳು, ನನ್ನ ಭಾಷಣ

ಈ ವಿಜಯದಶಮಿಯಂದು ನೆರೆಮನೆಯವರು ಅಂಗೈಗಿಟ್ಟ ಬನ್ನಿಯ ಕಡ್ಡಿ ಹೆಬ್ಬೆರಳಿಗೆ ಚುಚ್ಚಿತು. ಓದುಗ ಮಿತ್ರರೇ, ಆ ಗಿಡ್ಡ ಮುಳ್ಳು ನನಗೆ ಚುಚ್ಚಬೇಕಾಗಿದ್ದದ್ದು ಹತ್ತು ವರ್ಷಗಳ ಹಿಂದೆ.

ಆಗ ನಾನು ಚಾಮರಾಜಪೇಟೆಯ ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳು ಗೋಡೆ ತುಂಬಿದ್ದವು. ಲೋಕವನ್ನು ತಿದ್ದುವುದೊಂದೇ ಬಾಕಿಯಿತ್ತು. ಬೀದಿಯ ಮೂಲೆಯಲ್ಲೊಂದು ಮರ: ಬಿರುಕುಬಿಟ್ಟ ಬೂದು ತೊಗಟೆ, ಪುಟ್ಟ ಪುಟ್ಟ ಎಲೆ, ಸುಡುಬೇಸಗೆಯಲ್ಲೇ ಚಿಗುರುವ ಮೊಂಡುತನ. ವರ್ಷಕ್ಕೊಮ್ಮೆ ಎಲ್ಲರೂ ಅದನ್ನು ಬನ್ನಿಯೆಂದು ಸುತ್ತುತ್ತಿದ್ದರು. ಉಳಿದ ದಿನಗಳಲ್ಲಿ ಅದರ ನೆರಳು ಹೂವಿನ ಪದ್ಮಮ್ಮನದು. ಮಾರುಕಟ್ಟೆಯಿಂದ ತಂದ ಸೇವಂತಿಗೆಯನ್ನು ಅಲ್ಲೇ ಕೂತು ಕಟ್ಟುತ್ತಿದ್ದರು.

ಮೌಢ್ಯವನ್ನು ತೊಲಗಿಸಲು ಸಂಘದ ಸಭೆಯನ್ನು ಆ ಮರದಡಿಯೇ ಕರೆದೆ. "ಬನ್ನಿ ಮರುಭೂಮಿಯ ಮರ. ಬೆಂಗಳೂರು ಮರುಭೂಮಿಯಲ್ಲ. ಆದ್ದರಿಂದ ಇದು ಬನ್ನಿಯಲ್ಲ. ಪರದೇಶದಿಂದ ಬಂದು ನೆಲ ಕಬಳಿಸುವ ಬಳ್ಳಾರಿ ಜಾಲಿ!" ಎಂಥ ದುಂಡಾದ ತರ್ಕ! ಮರದ ಕಡೆ ಒಮ್ಮೆ ತಿರುಗಿ ನೋಡುವ ಅಗತ್ಯವೂ ಬೀಳಲಿಲ್ಲ.

"ಸಾರ್, ಮುಳ್ಳು ನೋಡಿ," ಎಂದರು ಪದ್ಮಮ್ಮ. "ಜಾಲಿಗೆ ಎಲೆ ಬುಡದಲ್ಲಿ ಜೋಡಿ ಮುಳ್ಳಿರತ್ತೆ. ಇದಕ್ಕೆ ಕಡ್ಡಿ ಉದ್ದಕ್ಕೂ ಒಂಟೊಂಟಿ. ನಮ್ಮೂರ ಹೊಲದ ತುಂಬಾ ಇದೇ ಇತ್ತು."

"ಅಮ್ಮಾ, ಇದು ವಿಜ್ಞಾನದ ವಿಷಯ," ಎಂದೆ. ಚಪ್ಪಾಳೆ ಬಿತ್ತು. ಕಡಿಸಲು ಎಲ್ಲರೂ ಕೈಯೆತ್ತಿದರು. ಅನುಮತಿಯ ಅರ್ಜಿಯನ್ನು ನಾನೇ ಬರೆದೆ, ಅತ್ಯಂತ ಶುದ್ಧ ಭಾಷೆಯಲ್ಲಿ.

ಮರ ಉರುಳಿದ ಮರುದಿನ ಆ ಜಾಗದಲ್ಲಿ ಮೂರು ಕಾರುಗಳು ನಿಂತಿದ್ದವು. ನನ್ನ ಮಾತಿಗೆ ಮರುಳಾದರೆಂದುಕೊಂಡಿದ್ದ ಸಭಿಕರಿಗೆ ಬೇಕಾಗಿದ್ದದ್ದು ಪಾರ್ಕಿಂಗ್, ಮತ್ತು ಅದಕ್ಕೊಂದು ಮರ್ಯಾದಸ್ತ ನೆಪ. ಬಿದ್ದಿದ್ದ ಕಡ್ಡಿಯೊಂದನ್ನು ಎತ್ತಿ ನೋಡಿದೆ: ಒಂಟೊಂಟಿ ಮುಳ್ಳು. ಯಾರಿಗೂ ಹೇಳಲಿಲ್ಲ. ಸೋಲೊಪ್ಪುವುದನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ನನಗೆ ಕಲಿಸಿರಲಿಲ್ಲ.

ಈ ಸಲ, ಚುಚ್ಚಿದ ಬೆರಳು ಹಿಡಿದುಕೊಂಡೇ ಬೀದಿಯ ಆ ಮೂಲೆಗೆ ಹೋದೆ. ಪದ್ಮಮ್ಮ ಈಗ ಕೊಡೆಯಡಿ ಕೂರುತ್ತಾರೆ.

"ನೀವು ಹೇಳಿದ್ದೇ ಸರಿ. ಅದು ಬನ್ನೀನೇ."

"ಇಷ್ಟಕ್ಕೆ ಹತ್ತು ವರ್ಷ ಬೇಕಾಯ್ತಾ ಸಾರ್?" ಎಂದು ಹೂಬುಟ್ಟಿ ಸರಿಸಿದರು. ಬುಟ್ಟಿಯ ಹಿಂದೆ, ಹಳೆಯ ಬೇರಿನಿಂದೆದ್ದ ಮೊಣಕಾಲೆತ್ತರದ ಚಿಗುರು. "ಕಾರು ಹತ್ತಿ ಮುರಿಯತ್ತೆ, ಮತ್ತೆ ಬರತ್ತೆ. ಅದಕ್ಕೇ ಬುಟ್ಟಿ ಅಡ್ಡ ಇಟ್ಕೊಂಡಿದೀನಿ."

"ನೀರು ತಂದು ಹಾಕ್ಲಾ?"

"ಮರುಭೂಮಿ ಮರ ಅಂತ ನೀವೇ ಅಂದ್ರಲ್ಲ! ನೀರೇನೂ ಬೇಡ. ಭಾಷಣ ಮಾಡ್ದಿದ್ರೆ ಸಾಕು."

ಅಷ್ಟರಲ್ಲಿ ಕಾರೊಂದು ಹಿಂದಕ್ಕೆ ಸರಿಯುತ್ತ ನಮ್ಮತ್ತಲೇ ಬಂತು. ನಾನು ಹೋಗಿ ಚಿಗುರಿನ ಮುಂದೆ ನಿಂತೆ. ಹಾರನ್ ಹೊಡೆದರು. ಮತ್ತೊಮ್ಮೆ ಹೊಡೆದರು. ನಾನು ಬಾಯಿ ತೆರೆಯಲಿಲ್ಲ, ಸರಿಯಲೂ ಇಲ್ಲ.