ಗಾಳಿಗೊಂದು ಗಾಡಿ, ಇಳಿಜಾರಿಗೊಂದು ಗಾಡಿ

ಮಾಲನ್‌ಳ ಮುತ್ತಜ್ಜ ದಾನ್ಯಲ್, ಒಂದೇ ಹುಟ್ಟು ಉಳಿದ ದೋಣಿಯಲ್ಲಿ ಪಕ್ಕದ ದ್ವೀಪದಿಂದ ಸೂಲಗಿತ್ತಿಯನ್ನು ಕರೆತಂದವನು. ದಡ ಮುಟ್ಟಿದ ಮೇಲೆ ಆ ಹೆಂಗಸು ಸಾಯುವ ತನಕ ಅವನೊಂದಿಗೆ ಮಾತಾಡಲಿಲ್ಲವಂತೆ. ದಾನ್ಯಲ್‌ನ ಮಗಳು ಬಿಲ್ಲಾ, ಗುಡ್ಡದಾಚೆಯಿಂದ ಕಬ್ಬಿಣದ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದವಳು. ದಾರಿಯುದ್ದಕ್ಕೂ ಕಾಲುಚೀಲ ಹೆಣೆಯುತ್ತಲೇ ಬಂದಳು ಎನ್ನುವವರೂ ಇದ್ದಾರೆ. ಒಲೆಯನ್ನು ನಂಬುತ್ತೇನೆ, ಕಾಲುಚೀಲದ ಮಾತು ಬೇರೆ. ಬಿಲ್ಲಾಳ ಮಗ ಯಾಸ್ಪುರ್ ಗ್ರೀನ್‌ಲ್ಯಾಂಡಿನ ಕಡಲಲ್ಲಿ ಮೀನು ಹಿಡಿದು ಹಿಡಿದು ಮುದುಕನಾಗಿ ಕೊನೆಗೆ ಹಾಸಿಗೆಯ ಮೇಲೆ ಸತ್ತ. ಫಾರೋ ದ್ವೀಪಗಳಲ್ಲಿ ಅದೂ ಒಂದು ಸಾಧನೆಯೇ. ಮಾಲನ್ ಅವನ ಒಬ್ಬಳೇ ಮಗಳು.

ಅವಳು ನಮ್ಮ ಊರಿನ ಮೀನು ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಕೂಸು ಹುಟ್ಟುವ ಹಿಂದಿನ ವರ್ಷ ಚರ್ಮ ಸುಲಿಯುವ ಯಂತ್ರ ಅವಳ ಬಲಗೈಯನ್ನು ಒಂದಿಷ್ಟು ರುಚಿ ನೋಡಿತು. ಹೊಲಿಗೆ ಹಾಕಿದರು, ಗಾಯ ಮಾಯಿತು, ಬೆರಳುಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಉಳಿದವು. ಹಿಡಿತ ಮಾತ್ರ ಉಳಿಯಲಿಲ್ಲ. ಬೆಚ್ಚಗಿದ್ದಾಗ ಲೋಟ ಹಿಡಿಯುವ ಕೈ, ಚಳಿ ತಗುಲಿದೊಡನೆ ಹೇಳದೆ ಕೇಳದೆ ತೆರೆದುಕೊಳ್ಳುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಗಂಡ ರೋಯಿಗೂ ಪೂರ್ತಿ ಹೇಳಲಿಲ್ಲ. ಯಾರಾದರೂ ಕೈ ಹೇಗಿದೆ ಎಂದರೆ, "ಎರಡೂ ಇವೆ, ನೋಡ್ಕೊಳಿ" ಎಂದು ಜೇಬಿಗಿಳಿಸುತ್ತಿದ್ದಳು.

ಚಳಿಗಾಲದ ಕೊನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅದಾದ ಸ್ವಲ್ಪ ದಿನಕ್ಕೆ ರೋಯಿ ದೊಡ್ಡ ಹಡಗಿನಲ್ಲಿ ಬಡಗಣ ಕಡಲಿಗೆ ಹೋದ. ಹೋಗುವಾಗ, "ಕೂಸಿನ ಗಾಡಿ ನೀನೇ ನೋಡಿ ತಗೋ, ಅದ್ರಲ್ಲಿ ನಂಗೇನ್ ಗೊತ್ತಾಗತ್ತೆ" ಎಂದ. ಅಂದಿನಿಂದ ಮಾಲನ್‌ಳ ನಿದ್ದೆ ಹಾರಿಹೋಯಿತು.

ನಮ್ಮಲ್ಲಿ ಕೂಸುಗಳು ಹಗಲು ಮಲಗುವುದು ಹೊರಗೆ, ಗಾಡಿಯಲ್ಲಿ. ಉಣ್ಣೆ ಹೊದಿಸಿ, ಮನೆಯ ಮರೆಯಲ್ಲಿ, ಗಾಳಿ ತಾಕದ ಗೋಡೆಗೆ ಒತ್ತಿ ನಿಲ್ಲಿಸುತ್ತೇವೆ. ಮಧ್ಯಾಹ್ನ ಒಳಗೆ ಮಲಗಿದ ಕೂಸಿಗೆ ಜ್ವರವೇ ಇರಬೇಕು ಎಂದು ನೆರೆಯವರು ವಿಚಾರಿಸಲು ಬರುತ್ತಾರೆ. ಹಾಗಾಗಿ ಗಾಡಿ ಇಲ್ಲದ ಮನೆಗೆ ಕೂಸು ಬಂದಂತೆಯೇ ಅಲ್ಲ. ಆದರೆ ನಮ್ಮ ಗಾಳಿ ಎಂಥದ್ದೆಂದರೆ, ಕಟ್ಟದೆ ಬಿಟ್ಟ ಕಸದ ಡಬ್ಬಿ ಮಾರನೇ ದಿನ ಪಾದ್ರಿಯ ಅಂಗಳದಲ್ಲಿ ಸಿಗುತ್ತದೆ. ಗಾಡಿ ಭಾರವಿರಬೇಕು. ಇದು ಊರಿನ ನ್ಯಾಯ.

ಅತ್ತೆ ಓಲುವಾ ತನ್ನ ಹಳೆಯ ಗಾಡಿಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದಳು. ನೀಲಿ ಬಣ್ಣ, ಎತ್ತರದ ಚಕ್ರ, ಸಣ್ಣ ದೋಣಿಯಷ್ಟು ತೂಕ.

"ಇದ್ರಲ್ಲಿ ರೋಯಿ ಮಲಗಿದ್ದ, ಅವನ ಇಬ್ರು ಅಕ್ಕಂದಿರು ಮಲಗಿದ್ರು," ಎಂದಳು. "ಬಿರುಗಾಳಿಗೆ ಚಾವಣಿ ಹಾರಿಹೋದ ದಿನವೂ ಇದು ಅಲ್ಲಾಡ್ಲಿಲ್ಲ ಕಣೇ."

"ಚೆನ್ನಾಗಿದೆ ಅತ್ತೆ."

"ಚೆನ್ನಾಗಿದೆ ಅಂತೀಯ, ಮುಖ ಮಾತ್ರ ಹುಳಿ ಮಜ್ಜಿಗೆ ಕುಡ್ದಂಗಿದೆ."

ಮಾಲನ್ ಏನು ಹೇಳಬೇಕು? ಊರಿಗಿರುವುದು ಒಂದೇ ದಾರಿ. ಮನೆಗಳು ಗುಡ್ಡಕ್ಕೆ ಅಂಟಿಕೊಂಡಿವೆ, ದಾರಿ ಅವುಗಳ ನಡುವೆ ಸೀದಾ ಕೆಳಗಿಳಿದು, ದೋಣಿಗಳನ್ನು ಎಳೆದು ಹತ್ತಿಸುವ ಕಲ್ಲು ಇಳಿಜಾರಿನಲ್ಲಿ ಮುಗಿಯುತ್ತದೆ. ಅದರ ಮುಂದೆ ತಡೆಗೋಡೆಯಿಲ್ಲ, ಕಡಲೇ. ಅಂಗಡಿ, ದಾದಿಯ ಕೋಣೆ, ಕಾರ್ಖಾನೆ ಎಲ್ಲವೂ ಕೆಳಗೆ. ಅತ್ತೆಯ ಗಾಡಿಯನ್ನು ಒಮ್ಮೆ ಖಾಲಿಯೇ ಮನೆಮುಂದೆ ಇಳಿಸಿ ನೋಡಿದ್ದಳು. ನಾಲ್ಕು ಮಾರು ಹೋಗುವಷ್ಟರಲ್ಲಿ ಬಲಗೈ ಸೋತಿತ್ತು. ಭಾರದ ಗಾಡಿ ಇಳಿಜಾರಿಗೆ ಎಳೆಯುತ್ತದೆ, ಹಗುರದ ಗಾಡಿ ಗಾಳಿಗೆ ಮಗುಚುತ್ತದೆ. ಅತ್ತ ದರಿ, ಇತ್ತ ಪುಲಿ.

ರಾತ್ರಿ ಹಾಲೂಡುವಾಗೆಲ್ಲ ಅವಳ ಕಣ್ಣೆದುರು ಒಂದೇ ಚಿತ್ರ: ಕೈ ತೆರೆದಿದೆ, ಗಾಡಿ ಹೋಗುತ್ತಿದೆ.

ಒಂದು ದಿನ ಬಸ್ಸು ಹತ್ತಿ ರಾಜಧಾನಿ ತೋರ್ಸ್‌ಹಾವ್ನ್‌ಗೆ ಹೋದಳು. ಅಂಗಡಿಯ ಹುಡುಗಿ ಗಾಡಿಗಳ ಸಾಲನ್ನೇ ತೋರಿಸಿದಳು. ಮಾಲನ್ ಒಂದೊಂದನ್ನೂ ತಳ್ಳಿದಳು, ಎಳೆದಳು, ಬದಿಯಿಂದ ಮೊಣಕಾಲು ಕೊಟ್ಟು ಮಗುಚುತ್ತದೆಯೇ ಎಂದು ನೋಡಿದಳು.

"ಅಕ್ಕಾ, ಇಷ್ಟು ಜೋರಾಗಿ ಯಾರೂ ಗುದ್ದಲ್ಲ," ಎಂದಳು ಹುಡುಗಿ.

"ನಮ್ಮೂರಿಗೆ ಬಾ, ಗಾಳಿ ಗುದ್ದತ್ತೆ."

ಕೊನೆಗೆ ಒಂದು ಮೂರು ಚಕ್ರದ ಗಾಡಿಯ ಮುಂದೆ ನಿಂತಳು. ಹಗುರ. ಹಿಡಿಯಲ್ಲೇ ಸೈಕಲ್ಲಿನಂತೆ ಬ್ರೇಕು. ಆದರೆ ಅದು ಬಲಗಡೆ ಇತ್ತು.

"ಇದನ್ನ ಎಡಗಡೆಗೆ ಹಾಕಿಕೊಡ್ತೀರಾ?"

"ಎಡಚರಾ ನೀವು?"

"ಹೂಂ," ಎಂದಳು ಮಾಲನ್. ಹುಟ್ಟಿದಾಗಿನಿಂದ ಬಲಗೈಯಲ್ಲಿ ಉಂಡವಳು.

ಹೊಸ ಗಾಡಿ ಬಸ್ಸಿನಿಂದ ಇಳಿದದ್ದೇ ತಡ, ಊರಿಗೆ ಹಬ್ಬವಾಯಿತು. ಊರಿಗೆಲ್ಲ ಮಾವನಾದ ಕೆಳಮನೆಯ ಹಾನುಸ್ ಒಂದೇ ಕೈಯಲ್ಲಿ ಅದನ್ನು ಎತ್ತಿ, "ಇದೇನವ್ವ, ಗಾಳಿಪಟನಾ? ದಾರ ಎಲ್ಲಿ?" ಎಂದ. ಓಲುವಾ ತನ್ನ ನೀಲಿ ಗಾಡಿಯ ಮೇಲೆ ಬಟ್ಟೆ ಹೊದಿಸಿ ಒಳಗೆ ತಳ್ಳಿದಳು. ಮನೆತನದ ಗಾಡಿ ಬಿಟ್ಟು ಹೊಸದು ತರುವುದು ನಮ್ಮಲ್ಲಿ ಅತ್ತೆಯ ಊಟ ಬಿಟ್ಟು ಹೋಟೆಲಿಗೆ ಹೋದ ಹಾಗೆ.

ಎರಡು ದಿನ ಬಿಟ್ಟು ಅವಳೇ ಬಂದಳು, ಬಕೆಟ್ಟು ಹಿಡಿದು. ಅದರ ತುಂಬ ಕಡಲ ದಡದ ಗುಂಡುಕಲ್ಲುಗಳು.

"ನಿನ್ನ ಗಾಳಿಪಟದ ಹೊಟ್ಟೆಗೆ ಇದನ್ನ ತುಂಬು," ಎಂದಳು. "ನನ್ನ ಮೊಮ್ಮಗಳು ಐಸ್‌ಲ್ಯಾಂಡಿಗೆ ಹಾರಿಹೋಗೋದು ಬೇಡ."

ಹಗುರ ಗಾಡಿ ಕೊಂಡವರು ನಮ್ಮಲ್ಲಿ ಮಾಡುವುದೇ ಅದು. ಗಾಡಿಯ ಕೆಳಗಿನ ಬುಟ್ಟಿಗೆ ಕಲ್ಲು ಹಾಕುತ್ತಾರೆ, ಹಾಕಿದ್ದನ್ನು ಮರೆಯುತ್ತಾರೆ, ಕೂಸು ನಡೆಯಲು ಕಲಿಯುವವರೆಗೂ ಆ ಕಲ್ಲುಗಳು ಊರೆಲ್ಲ ತಿರುಗುತ್ತವೆ. ಎರಡು ಕೈ ಗಟ್ಟಿಯಿದ್ದವರಿಗೆ ಅದರಿಂದ ಏನೂ ಆಗುವುದಿಲ್ಲ. ಗಾಳಿಯೊಂದಕ್ಕೇ ಹೆದರಿ ಬೆಳೆದ ಜನ ನಾವು. ಇಳಿಜಾರಿಗೆ ಹೆದರುವುದನ್ನು ಯಾರೂ ಕಲಿಸಿಲ್ಲ.

ಮಾಲನ್ ಕಲ್ಲು ತುಂಬಿದಳು. ಆ ಮಧ್ಯಾಹ್ನ ಗಾಳಿ ಬೀಸಿತು, ಗಾಡಿ ಮಿಸುಕಲಿಲ್ಲ, ಕೂಸು ಗಡದ್ದಾಗಿ ನಿದ್ದೆ ಮಾಡಿತು. ಕಿಟಕಿಗೆ ಹಣೆ ಒತ್ತಿ ನಿಂತಿದ್ದವಳು ವಾರಗಳ ನಂತರ ಮೊದಲ ಬಾರಿಗೆ ಕೂತು ಕಾಫಿ ಕುಡಿದಳು, ರುಬಾರ್ಬ್ ಜಾಮು ಸವರಿದ ಬ್ರೆಡ್ಡು ತಿಂದಳು. ಕಾಫಿ ಆರುವ ಮೊದಲೇ ದಾದಿ ಫೋನು ಮಾಡಿ, ಕೂಸಿನ ತೂಕ ನೋಡುವುದಿದೆ, ಈಗಲೇ ಬಂದರೆ ಒಳ್ಳೆಯದು ಎಂದಳು. ಮಾಲನ್ ಕೋಟು ಹಾಕಿದಳು, ಟೋಪಿ ಹಾಕಿದಳು. ಮಲಗಿದ ಕೂಸನ್ನು ಎಬ್ಬಿಸಬಾರದೆಂದು ಗಾಡಿಯನ್ನು ಹಾಗೆಯೇ ಗೋಡೆಯಿಂದ ಬಿಡಿಸಿ ದಾರಿಗೆ ತಿರುಗಿಸಿದಳು. ಕಲ್ಲಿನ ನೆನಪಾಗಲಿಲ್ಲ.

ಹಾನುಸ್ ಮಾವನ ಬೇಲಿಯ ಹತ್ತಿರ ದಾರಿ ಕಡಿದಾಗುತ್ತದೆ. ಅಲ್ಲಿ ಗಾಡಿ ಒಮ್ಮೆಲೆ ಮುಂದಕ್ಕೆ ಜಗ್ಗಿತು. ಎಡಗೈ ಬ್ರೇಕು ಒತ್ತಿತು. ಒದ್ದೆ ಡಾಂಬರಿನ ಮೇಲೆ ಚಕ್ರ ನಿಂತರೂ ಗಾಡಿ ಜಾರುತ್ತಲೇ ಇತ್ತು. ಆಗ ಅವಳ ಬಲಗೈ ತೆರೆದುಕೊಂಡಿತು. ಅವಳು ತೆರೆಯಲಿಲ್ಲ, ಅದೇ ತೆರೆದುಕೊಂಡಿತು. ಕೆಳಗೆ ಕಲ್ಲು ಇಳಿಜಾರು, ಅದರಾಚೆ ಬೂದು ನೀರು ಕಾಣುತ್ತಿತ್ತು. ಮಾಲನ್ ಬಲ ಮೊಣಕೈಯನ್ನು ಹಿಡಿಯೊಳಗೆ ತೂರಿಸಿ, ಇದ್ದಲ್ಲೇ ಕುಸಿದು ಕೂತಳು. ಗಾಡಿ ಅವಳನ್ನು ಕೂತಂತೆಯೇ ಒಂದಷ್ಟು ದೂರ ಎಳೆಯಿತು. ಬೂಟಿನ ಹಿಮ್ಮಡಿ ದಾರಿಯಂಚಿನ ಕಲ್ಲಿಗೆ ಸಿಕ್ಕಿದಾಗ ನಿಂತಿತು.

ಕೂಸು ಕಣ್ಣು ಬಿಟ್ಟು ಮೋಡ ನೋಡಿತು. ಅಳಲಿಲ್ಲ.

ಮೊದಲು ಓಡಿ ಬಂದವನು ಹಾನುಸ್. ಅವನ ಹಿಂದೆ ಓಲುವಾ, ಮೇಲಿನಿಂದ, ಏಪ್ರನ್ ಕಟ್ಟಿಕೊಂಡೇ. ಹಾನುಸ್ ಗಾಡಿಗೆ ಅಡ್ಡ ನಿಂತ. ಓಲುವಾ ಸೊಸೆಯ ಬಲಗೈ ಹಿಡಿದಳು. ಹಿಡಿದವಳಿಗೆ ಗೊತ್ತಾಯಿತು, ಆ ಕೈ ತಿರುಗಿ ಹಿಡಿಯಲಿಲ್ಲ.

"ಎಷ್ಟು ದಿನದಿಂದ ಹೀಗೆ?"

"ಯಂತ್ರಕ್ಕೆ ಸಿಕ್ಕಾಗಿನಿಂದ."

"ರೋಯಿಗೆ?"

"ಅವನಿಗೂ ಪೂರ್ತಿ ಗೊತ್ತಿಲ್ಲ."

"ಅದಕ್ಕೇ ನನ್ನ ಗಾಡಿ ಬೇಡ ಅಂದೆ," ಎಂದಳು ಓಲುವಾ. "ನಾನು ನಿನ್ನ ದೊಡ್ಡಸ್ತಿಕೆ ಅಂದ್ಕೊಂಡೆ. ಹೇಳಬಾರದಿತ್ತಾ?"

"ಹೇಳಿದ್ರೆ ಕೂಸನ್ನ ನನ್ನ ಕೈಗೆ ಬಿಡ್ತಿದ್ರಾ?"

ಹಾನುಸ್ ಕಡಲ ಕಡೆ ನೋಡಿದ.

ಮಾಲನ್ ಎದ್ದಳು. ಮೊಣಕೈಯಲ್ಲಿ ರಕ್ತ ಬರುತ್ತಿತ್ತು. ಹಾನುಸ್‌ಗೆ "ಹಾಗೇ ನಿಂತಿರು ಮಾವ" ಎಂದು ಹೇಳಿ, ಬಗ್ಗಿ, ಬುಟ್ಟಿಯ ಕಲ್ಲುಗಳನ್ನು ಎಡಗೈಯಲ್ಲಿ ಒಂದೊಂದಾಗಿ ತೆಗೆದು ಅವನ ಬೇಲಿಯ ಬುಡದಲ್ಲಿಟ್ಟಳು. ಎಲ್ಲವೂ ಮುಗಿದ ಮೇಲೆ ಗಾಡಿಯನ್ನು ತುಸು ಅಲ್ಲಾಡಿಸಿ ತೂಕ ನೋಡಿದಳು. ಆಮೇಲೆ ಗಾಡಿಯ ಕೆಳಬದಿಗೆ ಹೋಗಿ, ಮೇಲ್ಮುಖವಾಗಿ ನಿಂತು, ಹಿಡಿ ತನ್ನ ಎದೆಗೆ ಒರಗುವಂತೆ ಗಾಡಿಯನ್ನು ತಿರುಗಿಸಿಕೊಂಡಳು. ಹಿಂಹಿಂದಕ್ಕೆ ಹೆಜ್ಜೆಯಿಟ್ಟು ಇಳಿಯಬೇಕು. ಗಾಡಿ ಜಾರಿದರೆ ಮೈಯ ಮೇಲೆಯೇ ಜಾರಬೇಕು.

"ಹುಚ್ಚಿ, ಹಿಂದು ಮುಂದಾಗಿ ಇಳೀತಾರಾ?" ಎಂದಳು ಓಲುವಾ. "ಇನ್ಮೇಲೆ ದಿನಾ ನಾನು ತಳ್ತೀನಿ. ನೀನು ಪಕ್ಕದಲ್ಲಿ ನಡಿ, ಸಾಕು. ಕೊಡಿಲ್ಲಿ."

ಮಾಲನ್ ಹಿಡಿ ಬಿಡಲಿಲ್ಲ.

"ಬೇಡ ಅತ್ತೆ. ಇವತ್ತು ನೀವು ತಳ್ಳಿದ್ರೆ ನಾಳೆಯಿಂದ ನಾನು ಮನೆ ಬಿಟ್ಟು ಹೊರಡಲ್ಲ, ನನಗೆ ಗೊತ್ತು. ಈಗಲೇ ಕೈಕಾಲು ನಡುಗ್ತಿದೆ, ನೋಡಿ. ನಡುಗ್ಲಿ. ದಾದಿ ಕಾಯ್ತಿದ್ದಾಳೆ. ದಾರಿ ಬಿಡಿ, ನಾನೇ ಇಳಿಸ್ತೀನಿ."