ಬರೆಯಪ್ಪನ ಬುದ್ಧಿವಂತಿಕೆ

ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಲ್ಲರ ಸ್ಕ್ಯಾನುಗಳನ್ನೂ ಕೂಡಿಡುವ ಸರ್ವರ್ ನೋಡಿಕೊಳ್ಳುವ ಆಸಾಮಿಗೆ ಅಲ್ಲಿನವರು ಇಟ್ಟ ಹೆಸರು ಬರೆಯಪ್ಪ. ಯಂತ್ರ ಮೊಂಡಾಟ ಮಾಡಿದಾಗಲೆಲ್ಲ ‘ಬರೆಯಪ್ಪಾ, ಬರೆ’ ಎಂದು ಗದರಿಸುತ್ತಿದ್ದನಲ್ಲ, ಅದೇ ಅಂಟಿಕೊಂಡಿತು. ಅವನೋ ಅದನ್ನು ಬಿರುದೆಂದೇ ತಿಳಿದಿದ್ದ. ಮುರುಕು ಕುರ್ಚಿಗಳನ್ನು ಪೇರಿಸಿಟ್ಟ ಹಿಂದಿನ ಕೋಣೆಯಲ್ಲಿ, ಏಸಿಯ ಕೆಳಗೆ ಅವನ ದರ್ಬಾರು. ಪಾಸ್‌ವರ್ಡನ್ನು ಯಾರಿಗೂ ಬಿಟ್ಟುಕೊಡುವ ಪೈಕಿಯಲ್ಲ.

ಒಂದು ಬೆಳಿಗ್ಗೆ ಹೊಸ ಸ್ಕ್ಯಾನ್ ಒಂದೂ ಸೇವ್ ಆಗಲಿಲ್ಲ. ಪರದೆಯ ಮೇಲೆ ಒಂದೇ ಮಾತು: ರೀಡ್-ಓನ್ಲಿ. ಓದಬಹುದು, ಬರೆಯುವಂತಿಲ್ಲ. ಡಿಸ್ಕ್ ಒಳಗೊಳಗೇ ಹಾಳಾಗುತ್ತಿರುವ ಸುಳಿವು ಸಿಕ್ಕಾಗ, ಇದ್ದದ್ದಾದರೂ ಉಳಿಯಲಿ ಎಂದು ಸರ್ವರನ್ನು ನಡೆಸುವ ಲಿನಕ್ಸ್ ತಾನಾಗಿಯೇ ಹಾಕಿಕೊಳ್ಳುವ ಬೀಗ ಅದು. ಯಂತ್ರ ತಾನೇ ಬರೆದಿಡುವ ದಿನಚರಿ, ಅಂದರೆ ಲಾಗ್, ತೆರೆದಿದ್ದರೆ ಡಿಸ್ಕಿನ ಗೋಳು ಸಾಲುಸಾಲಾಗಿ ಕಾಣುತ್ತಿತ್ತು. ಓದಲು ಬರುತ್ತಿರುವಾಗಲೇ ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿಕೊಂಡು, ಆಮೇಲೆ ರಿಪೇರಿಗೆ ಕೈಹಾಕಬೇಕು. ನಮ್ಮ ಬರೆಯಪ್ಪನಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಎಲ್ಲಿಂದಲೋ ಎತ್ತಿಕೊಂಡ ಒಂದು ಸಾಲಿನ ಕಮಾಂಡ್ ಕೊಟ್ಟು ಬೀಗ ತೆಗೆದ. ಮ್ಯಾನೇಜರ್ ಬೆನ್ನು ತಟ್ಟಿದರು, ಇವನು ಉಬ್ಬಿಹೋದ.

ಅವನ ಹೆಂಡತಿಯ ತಂಗಿ ಅಲ್ಲೇ ಸ್ಕ್ಯಾನ್ ತೆಗೆಯುವವಳು. ಅಕ್ಕನ ಎದೆಯಲ್ಲೊಂದು ಗಂಟಿತ್ತು, ಹಳೆಯದೇ. ಹಿಂದಿನ ಸ್ಕ್ಯಾನಿನ ಪಕ್ಕ ಹೊಸದನ್ನಿಟ್ಟು ನೋಡುತ್ತೇನೆ, ಬೆಳೆದಿಲ್ಲದಿದ್ದರೆ ಆಪರೇಶನ್ ಬೇಡವೇ ಬೇಡ ಎಂದಿದ್ದರು ಡಾಕ್ಟರು.

“ಭಾವ, ಅಕ್ಕನ ಹಳೇ ಸ್ಕ್ಯಾನ್ ಒಂದು ಕಾಪಿ ಇಳಿಸ್ಕೊಡಿ,” ಎಂದಳು ಅವಳು.

“ಅದೇನು ಎದ್ದು ಓಡಿಹೋಗುತ್ತಾ? ನೋಡೋಣ ಬಿಡು.”

ಮತ್ತೆ ಬೀಗ ಬಿತ್ತು, ಮತ್ತೆ ತೆಗೆದ. ಪದೇಪದೇ ಏಳುವುದು ಬೇಸರವಾಗಿ, ಬೀಗ ಬಿದ್ದ ಕೂಡಲೇ ತಂತಾನೇ ತೆಗೆಯುವ ಸ್ಕ್ರಿಪ್ಟ್ ಒಂದನ್ನು ಬರೆದಿಟ್ಟು ಕಾಲು ಚಾಚಿ ಕೂತ. ಅಬ್ಬಾ, ಏನು ತಲೆ! ಜ್ವರ ಬಂದ ಕೂಸು ಅಳುತ್ತದೆಂದು ಅದರ ಬಾಯಿ ಮುಚ್ಚಿ ಮಲಗಿಸಿದ ಹಾಗೆ. ಸಾಯುತ್ತಿದ್ದ ಡಿಸ್ಕಿನ ಮೇಲೆ ಬರೆಸಿದ್ದೇ ಬರೆಸಿದ್ದು, ಗಾಯದ ಮೇಲೆ ಬರೆ.

ಡಾಕ್ಟರನ್ನು ಕಾಣುವ ದಿನ ನಾದಿನಿ ಹಳೆಯ ಚಿತ್ರ ತೆರೆದಳು. ಮೇಲೊಂದು ಪಟ್ಟಿ ಕಂಡಿತು, ಉಳಿದದ್ದೆಲ್ಲ ಬೂದು. ಬರೆಯಪ್ಪ ಓಡಿಬಂದ. ಕೀಬೋರ್ಡ್ ಕುಟ್ಟಿದ, ರೀಸ್ಟಾರ್ಟ್ ಮಾಡಿದ. ಸರ್ವರ್ ಮತ್ತೆ ಏಳಲೇ ಇಲ್ಲ. ಬ್ಯಾಕಪ್ ಇರಲಿಲ್ಲವೇ ಎಂದರೆ, ಇತ್ತು. ಮಹಾರಾಯ ಅದನ್ನೂ ಅದೇ ಡಿಸ್ಕಿನಲ್ಲೇ ಇಟ್ಟಿದ್ದ.

ಹಳೆಯದು ಇದ್ದಿದ್ದರೆ ಕಾದು ನೋಡಬಹುದಿತ್ತು, ಈಗ ಆ ಧೈರ್ಯ ಮಾಡಲಾರೆ, ಗಂಟು ತೆಗೆದೇಬಿಡೋಣ ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಕೂತು ಅವನು ಡಿಸ್ಕ್ ಮಾಡಿದವರನ್ನು ವಾಚಾಮಗೋಚರ ಬೈದ. ಆಪರೇಶನ್ ದಿನ ರಜೆ ಹಾಕಿ ಜೊತೆಗೇ ಇರುತ್ತೇನೆ, ಎಲ್ಲ ತಾನೇ ನೋಡಿಕೊಳ್ಳುತ್ತೇನೆ ಎಂದೂ ಹೇಳಿದ. ಹೆಂಡತಿ ಬ್ಯಾಗಿನ ಜಿಪ್ ಎಳೆದು ಎದ್ದಳು.

“ಬೇಡ. ತಂಗಿ ಇರ್ತಾಳೆ. ನೀವು ಬಂದ್ರೆ ಏನಾದ್ರೂ ಸರಿ ಮಾಡಕ್ಕೆ ಹೋಗ್ತೀರ.”